‘ಬಿಪಿ ಸ್ವಲ್ಪ ಇರಬೇಕಾದ್ದೇ’

ಪ್ರಾಯವಾದ ಮೇಲೆ ಬಿಪಿ ಸ್ವಲ್ಪ ಇರಬೇಕಾದ್ದೇ ಎಂಬ ಮಾತು ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಈಗಲೂ ಕಿವಿಗೆ ಬೀಳುತ್ತದೆ. ನಗಬೇಡಿ, ಎಂಬತ್ತು ವರ್ಷದ ಹಿಂದೆ ಹೆಸರುವಾಸಿ ಡಾಕ್ಟರುಗಳೂ ಹಾಗೇ ನಂಬಿದ್ದರು. ಗಡುಸಾದ ನಾಳದಲ್ಲಿ ರಕ್ತ ಹರಿಯಲು ಒತ್ತಡ ಬೇಕೇ ಬೇಕು ಎಂಬ ಲೆಕ್ಕ. ‘ಎಸೆನ್ಶಿಯಲ್ ಹೈಪರ್‌ಟೆನ್ಶನ್’, ಅಂದರೆ ‘ಅಗತ್ಯದ ಏರುಬಿಪಿ’ ಎಂಬ ಹೆಸರೂ ಅದಕ್ಕೆ ಒಪ್ಪುವಂತಿತ್ತು. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರ ಬಿಪಿ 300/190.

1948ರಲ್ಲಿ ಅಲ್ಲಿನ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಹೊಸ ಕ್ರಮ ಶುರುವಾಯಿತು: 5,209 ಜನರನ್ನು ಎರಡೆರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ, ಯಾರಿಗೆ ಹೃದಯದ ಕಾಯಿಲೆ ಬರುತ್ತದೆಂದು ಕಾಯುವುದು. ಬಿಪಿ, ಕೊಲೆಸ್ಟರಾಲ್ ಹೆಚ್ಚಿದ್ದವರಿಗೇ ಹೆಚ್ಚು ಬಂತು. 1961ರ ವರದಿಯ ನಂತರ ‘ರಿಸ್ಕ್ ಫ್ಯಾಕ್ಟರ್’ (ಅಪಾಯ ಹೆಚ್ಚಿಸುವ ಅಂಶ) ಎಂಬ ಮಾತು ಬಳಕೆಗೆ ಬಂತು. ಕೊಲೆಸ್ಟರಾಲ್ ತಿನ್ನಿಸಿದ ಮೊಲದ ನಾಳ ಕೆಡುತ್ತದೆಂದು ರಷ್ಯಾದ ಅನಿಚ್ಕೊವ್ 1913ರಲ್ಲೇ ತೋರಿಸಿದ್ದರು. ಮೊಲದ ಮಾತು ಮನುಷ್ಯರಿಗೇಕೆ ಎಂದು ಹಲವರು ಬದಿಗಿಟ್ಟಿದ್ದರು.

ನಾಳ ಕೆಡುವುದೆಂದರೆ ಅಡಿಕೆ ತೋಟದ ಪೈಪಿನಲ್ಲಿ ಕೆಸರು ಕಟ್ಟುವ ಹಾಗಲ್ಲ. ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲ್ ನಾಳದ ಗೋಡೆಯೊಳಗೇ ನುಸುಳಿ ಗಡ್ಡೆಯಾಗುತ್ತದೆ. ಅದರ ತೆಳು ಪೊರೆ ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್. ನಾಳ ಅರ್ಧವೂ ಮುಚ್ಚಿರದಿದ್ದಾಗಲೂ ಹೀಗಾಗಬಹುದು. ನಿನ್ನೆಯವರೆಗೆ ಗುಡ್ಡ ಹತ್ತುತ್ತಿದ್ದವರು ಇವತ್ತು ಕುಸಿಯುವುದು ಅದಕ್ಕೇ.

2004ರಲ್ಲಿ 52 ದೇಶಗಳ ‘ಇಂಟರ್‌ಹಾರ್ಟ್’ ಎಂಬ ಹಾರ್ಟ್ ಅಟ್ಯಾಕ್ ಅಧ್ಯಯನ ಪ್ರಕಟವಾಯಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಸರಾಸರಿ 53ರ ಪ್ರಾಯದಲ್ಲಿ, ಬೇರೆಯವರಿಗೆ ಸುಮಾರು 59ರಲ್ಲಿ. ಬೀಡಿಯೂ ಎಲೆಅಡಿಕೆಯೊಳಗಿನ ಹೊಗೆಸೊಪ್ಪೂ ಸಿಗರೇಟಿನ ಸಾಲಿನಲ್ಲೇ ಕಂಡವು.

ತೆಂಗಿನೆಣ್ಣೆಯ ವಿಷಯ ಇಲ್ಲಿ ಎತ್ತಿದರೆ ಜಗಳ ಖಂಡಿತ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು (ತಣ್ಣಗಾದರೆ ಗಟ್ಟಿಯಾಗುವ ಜಾತಿ) ಶೇ. 80ಕ್ಕೂ ಮೇಲೆ. ಸೂರ್ಯಕಾಂತಿಯಂಥ ಎಣ್ಣೆಗೆ ಹೋಲಿಸಿದರೆ ಎಲ್‌ಡಿಎಲ್ ಅನ್ನು ಡೆಸಿಲೀಟರ್ ರಕ್ತಕ್ಕೆ 10 ಮಿ.ಗ್ರಾಂ.ನಷ್ಟು ಏರಿಸುತ್ತದೆ. ಒಗ್ಗರಣೆಗೆ ಒಂದು ಚಮಚ ತೊಂದರೆಯಲ್ಲ, ಹಲಸಿನ ಹಪ್ಪಳ ಕರಿಯುವ ಬಾಣಲೆಯ ಮಾತು ಬೇರೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಸಮತಟ್ಟಾದ ಒಂದು ಟೀ ಚಮಚ. ಗಂಜಿಯ ಜೊತೆಗಿನ ಮಿಡಿ ಉಪ್ಪಿನಕಾಯಿ, ಒಣಮೀನು ಎಲ್ಲವೂ ಆ ಚಮಚದೊಳಗೇ ಬರಬೇಕು.

ಮನೆಯಲ್ಲಿ ಬಿಪಿ ನೋಡುವಾಗ ಹೆಚ್ಚಾಗಿ ತಪ್ಪುವುದು ಯಂತ್ರವಲ್ಲ, ಕೂರುವ ರೀತಿ. ಚಾ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಲಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನಿರಿ. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಜೋತುಬಿಟ್ಟರೆ ಅಂಕಿ ಏರುತ್ತದೆ, ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಅಷ್ಟೇ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡನ್ನೂ ಬರೆದಿಡಿ.