‘ಸಂಬಳ ಯಾರ ಕೈಗೆ ಕೊಡ್ತಾನಮ್ಮ?’

ಕೋರ್ಟಿನಲ್ಲಿ ನಮ್ಮನ್ನು ಮಫ್ತಿ ಪೊಲೀಸ್ ಅಂದುಕೊಳ್ಳುವವರೇ ಜಾಸ್ತಿ. ನಾನು ನಿವೃತ್ತ ಪ್ರೊಬೇಷನ್ ಆಫೀಸರ್. ತಪ್ಪು ಮಾಡಿದವರನ್ನು ಜೈಲಿಗೆ ಹಾಕದೆ ಷರತ್ತಿನ ಮೇಲೆ ಬಿಡಬಹುದೇ ಅಂತ ಕೋರ್ಟಿಗೆ ವರದಿ ಕೊಡುವುದು, ಬಿಟ್ಟವರ ಮೇಲೆ ಕಣ್ಣಿಡುವುದು ನಮ್ಮ ಕೆಲಸ. ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳ ಮೆಟ್ಟಿಲು ಹತ್ತಿ ಇಳಿದೇ ಮಂಡಿ ಸವೆದಿದೆ.

ತಪ್ಪು ಸಾಬೀತಾದ ಮೇಲೆ, ಶಿಕ್ಷೆ ಹೇಳುವ ಮುಂಚೆ ನಮ್ಮ ಕೆಲಸ ಶುರು. ಜೀವಾವಧಿ ಶಿಕ್ಷೆಯ ಅಪರಾಧ ಅಲ್ಲದಿದ್ದರೆ, 21 ತುಂಬದವರನ್ನು ಜೈಲಿಗೆ ಕಳಿಸುವ ಮುಂಚೆ ಮ್ಯಾಜಿಸ್ಟ್ರೇಟರು ನಮ್ಮ ವರದಿ ತರಿಸಲೇಬೇಕು, ಜೈಲೇ ಯಾಕೆ ಅಂತ ಕಾರಣವನ್ನೂ ಬರೆಯಬೇಕು. ಇದು 1958ರ ಪ್ರೊಬೇಷನ್ ಕಾಯ್ದೆಯ 6ನೇ ಕಲಂ.

ಒಬ್ಬ ಹುಡುಗ ಚಿಕ್ಕಪೇಟೆಯ ಅಂಗಡಿಯ ಗಲ್ಲಾದಿಂದ ದುಡ್ಡು ತೆಗೆದಿದ್ದ. ಫೈಲಿನಲ್ಲಿದ್ದದ್ದು ಅಷ್ಟೇ. ಮನೆ ಲಗ್ಗೆರೆಯ ಒಂದು ವಠಾರ. ಬೆಳಗ್ಗೆ ಏಳಕ್ಕೇ ಹೋದೆ. ಆಮೇಲೆ ಹೋದರೆ ಎಲ್ಲರೂ ಗಾರ್ಮೆಂಟ್ಸ್‌ಗೆ ಹೊರಟಿರುತ್ತಾರೆ. ಬಾಗಿಲಲ್ಲಿ ನಿಂತು ‘ಕೋರ್ಟಿಂದ ಬಂದಿದ್ದೀನಿ’ ಅನ್ನಬಾರದು. ಅಕ್ಕಪಕ್ಕದವರನ್ನೂ ಕೇಳಬೇಕು, ಕೇಸಿನ ಸುದ್ದಿ ಮಾತ್ರ ಬಾಯಿಬಿಡಬಾರದು. ಬಾಡಿಗೆ ಮನೆ ಹುಡುಕುವವನ ಹಾಗೆ ಎಷ್ಟು ಸಲ ನಲ್ಲಿ ನೀರಿನ ವಿಷಯ ಮಾತಾಡಿದ್ದೇನೋ!

‘ನನ್ನ ಮಗ ಒಳ್ಳೆಯವನೇ ಸಾರ್’ ಅಂದರು ತಾಯಿ. ಎಲ್ಲ ತಾಯಂದಿರೂ ಹಾಗೇ ಅನ್ನುತ್ತಾರೆ, ಅದನ್ನು ನಾನು ಬರೆಯುವುದಿಲ್ಲ. ‘ಸಂಬಳ ಯಾರ ಕೈಗೆ ಕೊಡ್ತಾನಮ್ಮ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಮೊದಲು ನನಗೇ ಕೊಡ್ತಿದ್ದ. ಆಮೇಲೆ ಫೋನಲ್ಲಿ ರಮ್ಮಿ ಶುರುವಾಯ್ತು.’

ರಮ್ಮಿಯನ್ನೂ ವರದಿಯಲ್ಲಿ ಬರೆದೆ. ಕನಿಕರದಿಂದ ಮುಚ್ಚಿಟ್ಟರೆ ಹುಡುಗನಿಗೇ ನಷ್ಟ. ಯಾವ ಷರತ್ತು ಹಾಕಬೇಕು ಅನ್ನೋದು ಮ್ಯಾಜಿಸ್ಟ್ರೇಟರಿಗೆ ಹೇಗೆ ಗೊತ್ತಾಗಬೇಕು? ಸರಿಯಾಗಿ ನಡೆದುಕೊಳ್ಳುತ್ತೇನೆ ಅಂತ ಬಾಂಡ್ ಬರೆಸಿಕೊಂಡು, ಒಂದು ವರ್ಷ ನನ್ನ ಮೇಲ್ವಿಚಾರಣೆಯಲ್ಲಿ ಬಿಟ್ಟರು. ಅದಕ್ಕಿಂತ ಕಡಿಮೆ ಅವಧಿಗೆ ಮೇಲ್ವಿಚಾರಣೆ ಹಾಕುವ ಹಾಗಿಲ್ಲ. ಷರತ್ತು ಮುರಿದರೆ ಮೂಲ ಕೇಸಿಗೇ ಶಿಕ್ಷೆ ಕೊಡಬಹುದು. ಮೊದಲ ಸಲವಾದರೆ ದಂಡ ಹಾಕಿಯೂ ಬಿಡಬಹುದು, ಕಾಯ್ದೆಯಲ್ಲಿ ಅದರ ಮಿತಿ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದು ಈಗ.

ನನ್ನನ್ನು ಕಾಡುವುದು ವಾಯಿದೆ. ದುಡ್ಡು ತೆಗೆದಾಗ ಅವನಿಗೆ 19. ಆದರೆ ಲೆಕ್ಕಕ್ಕೆ ಬರುವುದು ಶಿಕ್ಷೆ ತೀರ್ಮಾನಿಸುವ ದಿನದ ವಯಸ್ಸು, ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಇನ್ನೆರಡು ವಾಯಿದೆ ಬಿದ್ದಿದ್ದರೆ 21 ದಾಟುತ್ತಿತ್ತು. ಆಮೇಲೂ ಅದೇ ಕಾಯ್ದೆಯ 4ನೇ ಕಲಂನಲ್ಲಿ ಹೀಗೆ ಬಾಂಡ್ ಮೇಲೆ ಬಿಡಬಹುದು ನಿಜ, ಆದರೆ ವರದಿ ತರಿಸಲೇಬೇಕು ಅನ್ನುವ ಕಟ್ಟುಪಾಡು ಇರುವುದಿಲ್ಲ. ತರಿಸದಿದ್ದರೆ ಆ ರಮ್ಮಿ ವಿಷಯ ಯಾರಿಗೆ ಗೊತ್ತಾಗುತ್ತಿತ್ತು?

ಮೊದಲ ತಿಂಗಳು ಆಫೀಸಿಗೆ ಬಂದಾಗ ‘ಎಲ್ಲಪ್ಪ ಫೋನು?’ ಅಂದೆ. ಜೇಬಿನಿಂದ ಬಟನ್ ಫೋನ್ ತೆಗೆದು ಮೇಜಿನ ಮೇಲಿಟ್ಟ.