ಮೂರು ಸೆಂಟಿಮೀಟರ್ ಜಾಗದ ಸ್ವರ

ಈ ಹಾಡಿನಲ್ಲಿ ಒಂದೇ ಒಂದು ಪದ ಇಲ್ಲ. ಒಬ್ಬರು ಗಿಟಾರ್ ನುಡಿಸುತ್ತಾ ಗುನುಗುತ್ತಾರೆ, ನಡುನಡುವೆ ನರಳುತ್ತಾರೆ. ಮೂರು ನಿಮಿಷ ಚಿಲ್ಲರೆ, ಅಷ್ಟೆ. 1927ರ ಡಿಸೆಂಬರ್ 3ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಬ್ಲೈಂಡ್ ವಿಲ್ಲಿ ಜಾನ್ಸನ್ ಧ್ವನಿಮುದ್ರಿಸಿದ 'ಡಾರ್ಕ್ ವಾಸ್ ದಿ ನೈಟ್, ಕೋಲ್ಡ್ ವಾಸ್ ದಿ ಗ್ರೌಂಡ್' ಇದು. ಹೆಸರು ಹಳೆಯ ಕ್ರೈಸ್ತ ಭಕ್ತಿಗೀತೆಯೊಂದರದು, ಧಾಟಿ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ್ದು. ಕಣ್ಣು ಕಾಣದ ಜಾನ್ಸನ್ 1945ರಲ್ಲಿ ಬಡತನದಲ್ಲೇ ತೀರಿಕೊಂಡರು. 1977ರಲ್ಲಿ ಬಾಹ್ಯಾಕಾಶಕ್ಕೆ ಹೊರಟ ಎರಡು ವಾಯೇಜರ್ ನೌಕೆಗಳ ಚಿನ್ನ ಲೇಪಿಸಿದ ಧ್ವನಿಮುದ್ರಣದ ತಟ್ಟೆಗಳಲ್ಲಿ ಈ ಹಾಡಿದೆ. ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ನಮ್ಮ ಕನ್ನಡವೂ ಇದೆ.

ಮೊದಲ ಸಲ ಕೇಳಿದಾಗ ಗಿಟಾರ್ ಎಲ್ಲಿ ನಿಂತಿತು, ದನಿ ಎಲ್ಲಿ ಶುರುವಾಯಿತು ಅಂತಲೇ ನನಗೆ ಗೊತ್ತಾಗಲಿಲ್ಲ. ಒಂದು ಮರದ ಪೆಟ್ಟಿಗೆ, ಇನ್ನೊಂದು ಮನುಷ್ಯನ ಗಂಟಲು. ಅಷ್ಟು ಹತ್ತಿರ ಬಂದಿದ್ದು ಹೇಗೆ?

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ. ಫ್ರೆಟ್ ಅಂತಾರೆ, ವೀಣೆಯ ಮೆಟ್ಟಿಲಿನ ಹಾಗೆ. ಬೆರಳು ಸ್ವಲ್ಪ ಹಿಂದೆ ಮುಂದೆ ಒತ್ತಿದರೂ ತಂತಿ ಫ್ರೆಟ್ ಮೇಲೆಯೇ ಕೂರುತ್ತದೆ. ಒಂದೊಂದು ಫ್ರೆಟ್ ದಾಟಿದಾಗಲೂ ಕಂಪನ ಸುಮಾರು ಶೇಕಡ 6ರಷ್ಟು ಜಾಸ್ತಿಯಾಗುತ್ತದೆ. ನಡುವಿನ ಸ್ವರಕ್ಕೆ ತಂತಿಯನ್ನು ಪಕ್ಕಕ್ಕೆ ಎಳೆಯಬೇಕು. ಜಾನ್ಸನ್ ಬೇರೆ ದಾರಿ ಹಿಡಿದರು. ತಂತಿಯನ್ನು ಒತ್ತಲೇ ಇಲ್ಲ, ಗಟ್ಟಿ ತುಂಡೊಂದನ್ನು ಅದರ ಮೇಲೆ ಜಾರಿಸಿದರು. ಆ ತುಂಡೇ ಸ್ಲೈಡ್, ಈ ಬಗೆಯ ನುಡಿಸಾಣಿಕೆಯೇ ಸ್ಲೈಡ್ ಗಿಟಾರ್.

ನನ್ನ ಗಿಟಾರಿನ ತಂತಿ 65 ಸೆಂ.ಮೀ. ಉದ್ದ. ಅತಿ ತೆಳ್ಳನೆಯ ತಂತಿಯನ್ನು 294 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 294 ಕಂಪನಕ್ಕೆ, ಇಳಿಸಿಕೊಂಡರೆ ಮೂರನೇ ಫ್ರೆಟ್‌ನಲ್ಲಿ 349 ಹರ್ಟ್ಜ್, ನಾಲ್ಕನೆಯದರಲ್ಲಿ 370 ಸಿಗುತ್ತದೆ. ಸ್ಕೇಲ್ ಇಟ್ಟು ಅಳೆದೆ, ನಡುವೆ ಮೂರು ಸೆಂಟಿಮೀಟರ್. ಮೂರನೆಯದು ದುಃಖದ ಮೈನರ್ ಸ್ವರ, ನಾಲ್ಕನೆಯದು ಗೆಲುವಿನ ಮೇಜರ್ ಸ್ವರ. ಬ್ಲೂಸ್ ಹಾಡುವವರ ಗಂಟಲು ಇವೆರಡರ ನಡುವೆ ಎಲ್ಲೋ ತಡಕಾಡುತ್ತಿರುತ್ತದೆ. ಅಲ್ಲಿ ಸ್ಲೈಡ್ ಒಂದು ಮಿಲಿಮೀಟರ್ ಸರಿದರೆ ಕಂಪನ ಬದಲಾಗೋದು ಒಂದು ಹರ್ಟ್ಜ್‌ಗೂ ಕಡಿಮೆ. ಅಷ್ಟು ನಯವಾಗಿ ಹುಡುಕಬಹುದು.

ಗಂಟಲಿನಲ್ಲಂತೂ ಫ್ರೆಟ್ ಇಲ್ಲವೇ ಇಲ್ಲ, ಅಲ್ವಾ? ಧ್ವನಿತಂತುಗಳನ್ನು ಬಿಗಿದರೆ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಗಂಟಲಿನಲ್ಲಿ ಬಿಗಿತ ಬದಲಾಗುತ್ತದೆ, ಸ್ಲೈಡ್ ಗಿಟಾರಿನಲ್ಲಿ ಮಿಡಿಯುವ ತಂತಿಯ ಉದ್ದ. ಎರಡೂ ಮೆಟ್ಟಿಲಿಲ್ಲದೆ ಜಾರುತ್ತವೆ. ಜೊತೆಗೆ ಜಾನ್ಸನ್ ಪದಗಳನ್ನೂ ಬಿಟ್ಟುಬಿಟ್ಟರು. ಕ, ತ, ಪ ಇದ್ದಿದ್ದರೆ ಇದು ಮನುಷ್ಯನ ಬಾಯಿ ಅಂತ ಕಿವಿ ತಕ್ಷಣ ಹಿಡಿಯುತ್ತಿತ್ತು. ಬಾಯಿ ಮುಚ್ಚಿ ಗುನುಗಿದಾಗ ಸದ್ದು ಮೂಗಿನಿಂದ ಬರುತ್ತದೆ, ಚೂಪು ಕಡಿಮೆಯಾಗುತ್ತದೆ.

ಮನೆಯಲ್ಲಿ ಗಿಟಾರ್ ಇದ್ದರೆ ಒಂದು ಸಣ್ಣ ಗಾಜಿನ ಬಾಟಲಿಯನ್ನು ಆ ಮೂರು ಸೆಂಟಿಮೀಟರ್ ಜಾಗದಲ್ಲಿ ಹಗುರವಾಗಿ ಇಟ್ಟು ಮೀಟಿ. ಅದೇ ಸ್ವರವನ್ನು, ಇಲ್ಲವೇ ಒಂದು ಸ್ಥಾಯಿ ಕೆಳಗೆ, ಗುನುಗಿ. ಎರಡೂ ಪೂರ್ತಿ ಸೇರದಿದ್ದರೆ ಸದ್ದು ಅಲೆಅಲೆಯಾಗಿ ಏರಿಳಿಯುತ್ತದೆ. ತಂಬೂರಿ ಶ್ರುತಿ ಮಾಡುವವರು ಬಿರಡೆ ತಿರುಗಿಸುವಾಗ ಕಿವಿಗೊಡೋದು ಇದೇ ಅಲೆಗೆ. ಬಾಟಲಿಯನ್ನು ಕೂದಲೆಳೆಯಷ್ಟು ಸರಿಸಿ. ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ.