ಮೊಳಕೆಯಲ್ಲಿ ಕಾಣದ ಸಿರಿ

2025ರ ಏಪ್ರಿಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ನ್ಯೂಯಾರ್ಕ್ ಜೈಂಟ್ಸ್ ತಂಡ ಅಬ್ದುಲ್ ಕಾರ್ಟರ್ ಅವರನ್ನು ಡ್ರಾಫ್ಟ್‌ನ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕಲಾಪದ, ಮೂರನೆಯ ಆಯ್ಕೆಯಾಗಿ ಕರೆದುಕೊಂಡಿತು. ವೃತ್ತಿಪರ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡಿರದ ಆ ಯುವಕ ಮೊದಲು ಸುದ್ದಿಯಾದದ್ದು ಅಂಗಿಯ ಸಂಖ್ಯೆಯ ಕಾರಣಕ್ಕೆ. ಅವರಿಗೆ 56 ಬೇಕಿತ್ತು. ಅದು ತಂಡದ ಹಿಂದಿನ ಹೆಸರಾಂತ ಆಟಗಾರ ಲಾರೆನ್ಸ್ ಟೇಲರ್ ತೊಟ್ಟಿದ್ದ ಸಂಖ್ಯೆ. ಇನ್ನು ಯಾರಿಗೂ ಕೊಡುವುದಿಲ್ಲವೆಂದು ತಂಡ 1994ರಲ್ಲೇ ಅದನ್ನು ತೆಗೆದಿರಿಸಿದೆ. ಬೇರೆ ಯಾವುದಾದರೂ ಸಂಖ್ಯೆ ತೊಟ್ಟು ಅದಕ್ಕೇ ಹೆಸರು ತರಲಿ ಎಂಬರ್ಥದ ಮಾತು ಟೇಲರ್ ಕಡೆಯಿಂದ ಬಂತು. ಆಮೇಲೆ ಹಳೆಯ ಕ್ವಾರ್ಟರ್‌ಬ್ಯಾಕ್ ಫಿಲ್ ಸಿಮ್ಸ್ ಅವರ 11ನ್ನು ಕೇಳಿದ್ದಾಯಿತು, ಅದೂ ಕೈಗೂಡಲಿಲ್ಲ. ಕೊನೆಗೆ ಸಿಕ್ಕಿದ್ದು 51.

ಸಂಖ್ಯೆಯ ಈ ಹಟ ನೋಡಿ ನಗುವವರು ನಗಬಹುದು. ಆದರೆ ಕಾರ್ಟರ್ ಅವರಂಥ ಹೊಸ ಪಾಸ್ ರಷರ್ ಒಬ್ಬನನ್ನು ಕೈಗೆತ್ತಿಕೊಂಡಾಗ ತಂಡ, ಅಭಿಮಾನಿ, ಪತ್ರಕರ್ತ ಎಲ್ಲರೂ ಮಾಡುವ ಕೆಲಸ ಇದೇ ತಾನೆ? ಹಳಬನೊಬ್ಬನ ಅಂಗಿಯನ್ನು ಹೊಸಬನ ಮೈಗೆ ಹಿಡಿದು, ಸರಿಹೊಂದುತ್ತದೆಯೇ ಎಂದು ನೋಡುವುದು.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನು ಎಸೆಯುವ ಮೊದಲೇ ಅವನ ಮೇಲೆ ಮುಗಿಬೀಳುವುದು ಪಾಸ್ ರಷರ್‌ನ ಕೆಲಸ. ನಡುವೆ ಅಡ್ಡಗೋಡೆಯ ಹಾಗೆ ನಿಲ್ಲುವವನು ಟ್ಯಾಕಲ್. ತೂಕ ಸುಮಾರು 140 ಕೆಜಿ, ಉದ್ದ ತೋಳು, ಆ ಗಾತ್ರಕ್ಕೆ ನಂಬಲಾಗದಷ್ಟು ಚುರುಕು ಕಾಲು. ಈ ಗೋಡೆಯನ್ನು ಬಳಸಿಯೋ ನೂಕಿಯೋ ದಾಟುವುದಕ್ಕೆ ಸಿಗುವ ಸಮಯ ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡು. ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಅದು ಸ್ಯಾಕ್. ಋತುವಿಗೆ ಹದಿನೇಳು ಪಂದ್ಯ, ಸ್ಯಾಕ್ ಹತ್ತು ದಾಟಿದರೆ ಒಳ್ಳೆಯ ಬೆಳೆ. ಎಂದರೆ ನೂರಾರು ಸಲ ನುಗ್ಗಿದವನಿಗೆ ಫಲ ಸಿಗುವುದು ಬೆರಳೆಣಿಕೆಯಷ್ಟು ಸಲ ಮಾತ್ರ. ಇವರನ್ನು ಅಳೆಯುವ ತೊಡಕೆಲ್ಲ ಹುಟ್ಟುವುದು ಇಲ್ಲಿಂದ.

ಐಪಿಎಲ್ ಹರಾಜು ನೋಡಿದವರಿಗೆ ಡ್ರಾಫ್ಟ್ ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಕೂಗುವ ಬೆಲೆಯಿಲ್ಲ, ಸರದಿಯಿದೆ. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದ ತಂಡಕ್ಕೆ ಕಾಲೇಜು ಆಟಗಾರರಲ್ಲಿ ಮೊದಲ ಆಯ್ಕೆ. ಫಿಲಡೆಲ್ಫಿಯಾದ ತಂಡದ ಒಡೆಯ ಬರ್ಟ್ ಬೆಲ್ ಅವರ ಸಲಹೆಯಂತೆ 1936ರಲ್ಲಿ ಶುರುವಾದ ಪದ್ಧತಿ ಇದು. ಆ ಕಾಲದಲ್ಲಿ ಆಯ್ಕೆಗೆ ಆಧಾರ ಪತ್ರಿಕೆಯ ಸುದ್ದಿ ಮತ್ತು ಪರಿಚಿತರ ಮಾತು. ಮೊದಲನೆಯ ವರ್ಷದ ಮೊದಲ ಆಯ್ಕೆ ಜೇ ಬರ್ವ್ಯಾಂಗರ್ ವೃತ್ತಿಪರ ಆಟಕ್ಕೆ ಬರಲೇ ಇಲ್ಲ!

ಅಳತೆಯ ಮಾತಿಗೆ ಬಂದರೆ, ಮೊದಲು ನೆನೆಯಬೇಕಾದವರು ಡೀಕನ್ ಜೋನ್ಸ್. 1961ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಅವರನ್ನು ಆರಿಸಿದ್ದು ಹದಿನಾಲ್ಕನೆಯ ಸುತ್ತಿನಲ್ಲಿ, ಅಂದರೆ ಚೀಲದ ತಳದಲ್ಲಿ ಉಳಿದ ಕಾಳನ್ನು ಕೊಡವಿಕೊಂಡ ಹಾಗೆ. ‘ಸ್ಯಾಕ್’ ಎಂಬ ಪದವನ್ನು ಚಲಾವಣೆಗೆ ತಂದ ಹೆಮ್ಮೆ ಬಹುಮಟ್ಟಿಗೆ ಅವರದೇ. ಎದುರಾಳಿಯ ಶಿರಸ್ತ್ರಾಣಕ್ಕೆ ಅಂಗೈಯಿಂದ ಬಾರಿಸಿ, ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುವುದು ಅವರ ವರಸೆ. 1977ರಲ್ಲಿ ಲೀಗ್ ಆ ಏಟನ್ನು ನಿಷೇಧಿಸಿತು. ತಮಾಷೆ ಎಂದರೆ, ಜೋನ್ಸ್ ಆಡಿದ ಅಷ್ಟೂ ವರ್ಷ ಸ್ಯಾಕ್‌ಗೆ ಅಧಿಕೃತ ಲೆಕ್ಕವೇ ಇರಲಿಲ್ಲ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಆಟಗಾರರ ಹೆಸರಿಗೆ ಸ್ಯಾಕ್ ಬರೆದುಕೊಳ್ಳಲು ಆರಂಭಿಸಿದ್ದು 1982ರಲ್ಲಿ. ಸಂಶೋಧಕರು ಹಳೆಯ ದಾಖಲೆಗಳನ್ನು ತಡಕಿ ಜೋನ್ಸ್ ಅವರ ಲೆಕ್ಕ 173.5 ಎಂದು ಕಂಡುಕೊಂಡದ್ದು ಅವರು ಆಟ ಬಿಟ್ಟು ಎಷ್ಟೋ ವರ್ಷವಾದ ಮೇಲೆ. ಅರ್ಧ ಎಲ್ಲಿಂದ ಬಂತು ಎಂದರೆ, ಇಬ್ಬರು ಸೇರಿ ಕೆಡವಿದಾಗ ತಲಾ ಅರ್ಧ.

1978ರಲ್ಲಿ ನಿಯಮ ಬದಲಾಯಿತು. ತಡೆಯುವವರು ಕೈ ಚಾಚಿ, ಅಂಗೈ ತೆರೆದು ಎದುರಾಳಿಯನ್ನು ತಳ್ಳಬಹುದಾಯಿತು. ಚೆಂಡು ಹಿಡಿಯಲು ಓಡುವವರನ್ನು ಐದು ಗಜದಾಚೆ ಮುಟ್ಟಬಾರದೆಂದಾಯಿತು. ಎಸೆತದ ಆಟ ಹಿಗ್ಗಿತು. ಎಸೆಯುವವನ ಬೆಲೆ ಏರಿದಾಗ ಅವನನ್ನು ಕೆಡವುವವನ ಬೆಲೆಯೂ ಏರಲೇಬೇಕಲ್ಲ.

ಮೂರೇ ವರ್ಷಕ್ಕೆ ಟೇಲರ್ ಬಂದರು. 1981ರ ಡ್ರಾಫ್ಟ್‌ನಲ್ಲಿ ಮೊದಲ ಸರದಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ್ದು. ಅವರು ಚೆಂಡು ಹಿಡಿದು ಓಡುವ ಜಾರ್ಜ್ ರಾಜರ್ಸ್ ಅವರನ್ನು ಆರಿಸಿದರು. ಎರಡನೆಯ ಸರದಿಯ ಜೈಂಟ್ಸ್‌ಗೆ ಟೇಲರ್ ದಕ್ಕಿದರು. ಸೇಂಟ್ಸ್ ಕಣ್ಣಿಲ್ಲದವರು ಎಂದು ಈಗ ಹೇಳುವುದು ಸುಲಭ. ಆದರೆ ರಾಜರ್ಸ್ ಅದೇ ವರ್ಷ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಗಜ ಓಡಿದರು. ಮೊದಲ ಋತುವನ್ನಷ್ಟೇ ನೋಡಿದರೆ ಅದು ತಪ್ಪು ಆಯ್ಕೆಯಲ್ಲ. ಟೇಲರ್ ಬದಲಿಸಿದ್ದು ಒಂದು ಋತುವನ್ನಲ್ಲ, ಎದುರಾಳಿಗಳು ಯೋಚಿಸುವ ಬಗೆಯನ್ನು. ಅವರು ಎಲ್ಲಿ ನಿಂತಿದ್ದಾರೆ ಎಂದು ನೋಡಿಯೇ ಬೇರೆ ತಂಡಗಳು ತಮ್ಮ ಆಟ ಕಟ್ಟಬೇಕಾಯಿತು. 1986ರಲ್ಲಿ 20.5 ಸ್ಯಾಕ್ ಗಳಿಸಿ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು. ರಕ್ಷಣೆಯ ಆಟಗಾರರಿಗೆ ಆ ಗೌರವ ಸಿಗುವುದು ತೀರ ಅಪರೂಪ. ಅಲ್ಲಿಂದ ಮುಂದೆ ಪ್ರತಿ ತಂಡವೂ ಇನ್ನೊಬ್ಬ ಟೇಲರ್‌ಗಾಗಿ ಹುಡುಕತೊಡಗಿತು.

ಹುಡುಕಾಟಕ್ಕೆ ಒಂದು ಸಂತೆಯೂ ಹುಟ್ಟಿಕೊಂಡಿತು. ಕಂಬೈನ್ ಎಂದು ಅದರ ಹೆಸರು. 1987ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ, ಬೆನ್ನು ತಟ್ಟಿ ಕೊಳ್ಳುವ ಹಾಗೆ ಅಲ್ಲಿ ಹುಡುಗರ ಎತ್ತರ, ತೂಕ, ತೋಳು, ಅಂಗೈ ಎಲ್ಲವನ್ನೂ ಅಳೆಯುತ್ತಾರೆ. 40 ಗಜ ಓಡಿಸುತ್ತಾರೆ, ನಿಂತಲ್ಲಿಂದ ನೆಗೆಸುತ್ತಾರೆ, 102 ಕೆಜಿ ಭಾರವನ್ನು ಎಷ್ಟು ಸಲ ಎತ್ತುತ್ತಾರೆಂದು ಎಣಿಸುತ್ತಾರೆ. ವೈದ್ಯಕೀಯ ತಪಾಸಣೆ ಇದಕ್ಕೆಲ್ಲ ಮೂಲ ಉದ್ದೇಶ, ಅದು ಈಗಲೂ ಉಪಯುಕ್ತ. ಉಳಿದದ್ದು ನೋಡುವುದಕ್ಕೆ ಚೆನ್ನ.

ನೋಡುವುದಕ್ಕೆ ಚೆನ್ನಾಗಿರುವುದರ ಬೆಲೆ ಎಷ್ಟೆಂದು ಫಿಲಡೆಲ್ಫಿಯಾ ಈಗಲ್ಸ್ 1995ರಲ್ಲಿ ಕಲಿಯಿತು. ಬಾಸ್ಟನ್ ಕಾಲೇಜಿನ ಮೈಕ್ ಮಮುಲಾ ಈ ಪರೀಕ್ಷೆಗಳಿಗೆಂದೇ ಪಳಗಿ ಬಂದಿದ್ದರು. ಅವರ ಓಟ, ನೆಗೆತ, ಭಾರ ಎತ್ತುವಿಕೆ ಕಂಡು ಮಾರುಹೋದ ಈಗಲ್ಸ್, ಟ್ಯಾಂಪಾ ಬೇ ತಂಡಕ್ಕೆ ಹೆಚ್ಚುವರಿ ಆಯ್ಕೆಗಳನ್ನು ಕೊಟ್ಟು ಏಳನೆಯ ಸರದಿಗೆ ಏರಿ ಅವರನ್ನು ಪಡೆಯಿತು. ಟ್ಯಾಂಪಾ ಬೇ ಹಿಂದೆ ಸರಿದು ಹನ್ನೆರಡನೆಯ ಸರದಿಯಲ್ಲಿ ವಾರೆನ್ ಸ್ಯಾಪ್, ಇಪ್ಪತ್ತೆಂಟರಲ್ಲಿ ಡೆರಿಕ್ ಬ್ರೂಕ್ಸ್ ಅವರನ್ನು ಆರಿಸಿತು. ಇಬ್ಬರೂ ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಮಮುಲಾ ಎಂದರೆ ಇವತ್ತಿಗೂ ‘ಕಂಬೈನ್ ಶೂರ’ ಎಂಬ ಬೈಗುಳ. ನನಗೆ ಇದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ. ಐದು ಋತುಗಳಲ್ಲಿ 31.5 ಸ್ಯಾಕ್ ಗಳಿಸಿದವರು ಕೆಲಸಕ್ಕೆ ಬಾರದವರೇನಲ್ಲ. ಪರೀಕ್ಷೆಯ ಅಂಕ ನೋಡಿ ಕೊಂಡವರ ತಪ್ಪು ಪರೀಕ್ಷೆ ಬರೆದವನ ತಲೆಗೆ ಬಂತು.

ಆ ಬೈಗುಳಕ್ಕೆ ಹೆಚ್ಚು ಹೊಂದುವ ಉದಾಹರಣೆ ಬೇರೆ ಇದೆ. ಒಹಾಯೊ ಸ್ಟೇಟ್‌ನ ವರ್ನನ್ ಗೋಲ್‌ಸ್ಟನ್ ಕಾಲೇಜಿನ ಕೊನೆಯ ವರ್ಷ 14 ಸ್ಯಾಕ್ ಗಳಿಸಿದ್ದರು, ಕಂಬೈನ್‌ನಲ್ಲಿ ಆ ಭಾರವನ್ನು 37 ಸಲ ಎತ್ತಿದರು. ಲೆಕ್ಕವೂ ಇತ್ತು, ಮೈಕಟ್ಟೂ ಇತ್ತು. 2008ರಲ್ಲಿ ಆರನೆಯ ಆಯ್ಕೆಯಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿ ಮೂರು ಋತು ಆಡಿದರು. ಗಳಿಸಿದ ಸ್ಯಾಕ್ ಸೊನ್ನೆ. ಇದಕ್ಕೆ ತದ್ವಿರುದ್ಧ ಟೆರೆಲ್ ಸಗ್ಸ್. 2002ರಲ್ಲಿ ಅರಿಜೋನಾ ಸ್ಟೇಟ್ ಪರವಾಗಿ 24 ಸ್ಯಾಕ್ ಗಳಿಸಿ ಕಾಲೇಜು ದಾಖಲೆ ಬರೆದವರು, ಡ್ರಾಫ್ಟ್‌ಗೆ ಮುಂಚಿನ 40 ಗಜದ ಓಟದಲ್ಲಿ ನಿರಾಸೆ ಮೂಡಿಸಿದರು. ಹತ್ತನೆಯ ಸರದಿಗೆ ಜಾರಿದ ಅವರನ್ನು ಬಾಲ್ಟಿಮೋರ್ ಹಿಡಿದುಕೊಂಡಿತು. ಮೊದಲ ವರ್ಷವೇ 12, ಆಟ ಮುಗಿಸುವಾಗ 139.

ಪಾಸ್ ರಷರ್ 40 ಗಜ ನೇರ ಓಡುವ ಸಂದರ್ಭ ಪಂದ್ಯದಲ್ಲಿ ಬರುವುದೇ ಅಪರೂಪ ಎಂಬ ಸರಳ ಸಂಗತಿ ಅರಿವಾಗಲು ಇಷ್ಟು ಕಾಲ ಬೇಕಾಯಿತು. ಅವನಿಗೆ ಬೇಕಾದದ್ದು ಮೊದಲ ಹತ್ತು ಗಜ. ಚೆಂಡು ಕದಲಿದ ಕ್ಷಣಕ್ಕೆ ಸಿಡಿಯುವ ಮೊದಲ ಹೆಜ್ಜೆ. ಆಮೇಲೆ ಟ್ಯಾಕಲ್‌ನ ಹೊರಭುಜದ ಕೆಳಗೆ ಬಾಗಿ, ಮೈ ನೆಲಕ್ಕೆ ಓರೆಯಾದರೂ ವೇಗ ಕಳೆದುಕೊಳ್ಳದೆ ತಿರುಗುವ ಬಾಗು. ಆ ಬಾಗಿಗೆ ಸೊಂಟವೂ ಕಣಕಾಲೂ ಒಪ್ಪಬೇಕು. ಅದನ್ನು ವ್ಯಾಯಾಮಶಾಲೆಯಲ್ಲಿ ಕೊಳ್ಳಲಾಗದು. ಮೂರನೆಯದು ಕೈ. ಟ್ಯಾಕಲ್ ಎದೆಗೆ ಕೈಯಿಟ್ಟರೆ ಆಟ ಮುಗಿದಂತೆ, ಆದ್ದರಿಂದ ಅವನ ಮಣಿಕಟ್ಟನ್ನು ಮೊದಲೇ ಹೊಡೆದು ಕೆಡವಬೇಕು. ಮೊದಲ ವರಸೆ ಕೈಕೊಟ್ಟರೆ ಎರಡನೆಯದು ಸಿದ್ಧವಿರಬೇಕು. ಕಾಲೇಜಿನಲ್ಲಿ ಹೆಚ್ಚಿನವರಿಗೆ ಈ ಎರಡನೆಯದು ಇರುವುದಿಲ್ಲ, ಯಾಕೆಂದರೆ ಅಲ್ಲಿ ಅದು ಬೇಕಾಗುವುದೇ ಇಲ್ಲ. ಎದುರಿಗೆ ನಿಂತ ಹುಡುಗ ಮುಂದೆ ಎಂಜಿನಿಯರೋ ವಿಮೆ ಏಜೆಂಟೋ ಆಗುವವನು. ಮೊದಲ ಹೆಜ್ಜೆಗೇ ಸೋಲುತ್ತಾನೆ.

ಆರು ಅಡಿ ಒಂದು ಇಂಚಿನ ಡ್ವೈಟ್ ಫ್ರೀನಿ ಕುಳ್ಳ ಎಂದು ಮೂಗು ಮುರಿದವರಿದ್ದರು. 2002ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಸೇರಿದ ಅವರು ಬುಗುರಿಯಂತೆ ಗಿರಕಿ ಹೊಡೆದು ಟ್ಯಾಕಲ್‌ಗಳನ್ನು ತಪ್ಪಿಸುತ್ತ 125.5 ಸ್ಯಾಕ್ ಗಳಿಸಿ 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಇನ್ನು ಜೇಮ್ಸ್ ಹ್ಯಾರಿಸನ್ ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲೇ ಇಲ್ಲ; 2008ರ ಶ್ರೇಷ್ಠ ರಕ್ಷಣಾ ಆಟಗಾರ ಅವರೇ.

ಈಗ ಭುಜಕವಚದೊಳಗೆ ಪುಟ್ಟ ಚಿಪ್ ಇದೆ. ಚೆಂಡು ಕದಲಿದ ಮೇಲೆ ಯಾರು ಎಷ್ಟು ಬೇಗ ಹೊರಟರು, ಎಷ್ಟು ದೂರ ನುಗ್ಗಿದರು ಎಂಬುದು ಕಂಪ್ಯೂಟರ್‌ಗೆ ಬೀಳುತ್ತದೆ. ಆ ಮಾಹಿತಿಯಿಂದ ಕ್ರೀಡಾ ವಾಹಿನಿ ಇಎಸ್‌ಪಿಎನ್ ಒಂದು ಲೆಕ್ಕ ರೂಪಿಸಿದೆ: ಎರಡೂವರೆ ಸೆಕೆಂಡಿನೊಳಗೆ ಎದುರಾಳಿಯನ್ನು ದಾಟಿದರೆ ಗೆಲುವು, ಇಲ್ಲವಾದರೆ ಸೋಲು. ಸ್ಯಾಕ್ ಆಯಿತೋ ಬಿಟ್ಟಿತೋ ಲೆಕ್ಕಕ್ಕಿಲ್ಲ. ಸ್ಯಾಕ್‌ನಲ್ಲಿ ಅದೃಷ್ಟ ಬೆರೆತಿರುತ್ತದೆ. ಟ್ಯಾಕಲ್‌ನನ್ನು ಮೀರುವುದರಲ್ಲಿ ಅದು ಕಡಿಮೆ. ವೇಗದ ಬೌಲರ್‌ನ ವಿಕೆಟ್ ಎಣಿಸುವುದಕ್ಕಿಂತ ಬ್ಯಾಟಿನ ಅಂಚು ಎಷ್ಟು ಸಲ ದಾಟಿತೆಂದು ಎಣಿಸಿದ ಹಾಗೆ.

ಹಾಗಾದರೆ ಸಮಸ್ಯೆ ಬಗೆಹರಿಯಿತೇ? 2022ರ ಡ್ರಾಫ್ಟ್ ನೋಡಿ. ಮಿಷಿಗನ್‌ನ ಏಡನ್ ಹಚಿನ್ಸನ್ ಹಿಂದಿನ ಋತುವಿನಲ್ಲಿ 14 ಸ್ಯಾಕ್ ಗಳಿಸಿದ್ದರು, ಆದರೆ ತೋಳು ಗಿಡ್ಡ ಎಂಬ ಗೊಣಗಾಟವಿತ್ತು. ಜಾರ್ಜಿಯಾದ ಟ್ರಾವನ್ ವಾಕರ್ ಗಳಿಸಿದ್ದು ಆರು. ಆದರೆ 123 ಕೆಜಿ ತೂಗುವ ಮನುಷ್ಯ 40 ಗಜವನ್ನು 4.51 ಸೆಕೆಂಡಿನಲ್ಲಿ ಓಡಿದ್ದರು. ಜ್ಯಾಕ್ಸನ್‌ವಿಲ್ ಮೊದಲ ಆಯ್ಕೆಯಾಗಿ ವಾಕರ್ ಅವರನ್ನು ಆರಿಸಿತು, ಡೆಟ್ರಾಯ್ಟ್ ಎರಡನೆಯದಾಗಿ ಹಚಿನ್ಸನ್ ಅವರನ್ನು. ಮೊದಲ ವರ್ಷ ಹಚಿನ್ಸನ್ 9.5, ವಾಕರ್ 3.5. ಮೂರ್ಖ ಆಯ್ಕೆ ಎಂದು ಎಲ್ಲರೂ ತೀರ್ಪು ಕೊಟ್ಟಾಗಿತ್ತು. ಮುಂದಿನ ಎರಡು ಋತುಗಳಲ್ಲಿ ವಾಕರ್ 10 ಮತ್ತು 10.5 ಗಳಿಸಿದರು. ಹಚಿನ್ಸನ್ 2024ರಲ್ಲಿ ಐದೇ ಪಂದ್ಯಗಳಲ್ಲಿ 7.5 ಗಳಿಸಿ ಕಾಲಿನ ಮೂಳೆ ಮುರಿದುಕೊಂಡರು. ಇಬ್ಬರಲ್ಲಿ ಹಚಿನ್ಸನ್ ಮೇಲು ಎಂದೇ ನನ್ನ ಎಣಿಕೆ, ಆದರೆ ಮೊದಲ ವರ್ಷದಲ್ಲಿ ಕಂಡ ಅಂತರದ ಬಲದ ಮೇಲಲ್ಲ.

ತಂಡಗಳಿಗೆ ಕಾಯುವ ತಾಳ್ಮೆಯೂ ಅಳತೆಯದೇ. ಮೊದಲ ಸುತ್ತಿನಲ್ಲಿ ಬಂದವನ ಒಪ್ಪಂದ ನಾಲ್ಕು ವರ್ಷದ್ದು. ಐದನೆಯ ವರ್ಷಕ್ಕೆ ಉಳಿಸಿಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ಮೂರನೆಯ ಋತು ಮುಗಿಯುತ್ತಲೇ ಉತ್ತರ ಕೊಡಬೇಕು. ಆಮೇಲಿನ ಬೆಲೆ ಏನೆಂದು ಮೈಕಾ ಪಾರ್ಸನ್ಸ್ ತೋರಿಸಿದ್ದಾರೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಮುಂಚೂಣಿಯ ಹಿಂದೆ ನಿಲ್ಲುವ ಆಟಗಾರ, ಆಗಿದ್ದ ಅವರನ್ನು ಡಲ್ಲಸ್ 2021ರಲ್ಲಿ ಹನ್ನೆರಡನೆಯ ಆಯ್ಕೆಯಾಗಿ ತಂದಾಗ ಪಾಸ್ ರಷರ್ ಎಂದು ತಂದಿರಲಿಲ್ಲ. ಸಹ ಆಟಗಾರನೊಬ್ಬನಿಗೆ ಗಾಯವಾಗಿ, ಪಾಸ್ ರಷರ್ ನಿಲ್ಲುವ ಅಂಚಿನಲ್ಲಿ ಅವರನ್ನು ನಿಲ್ಲಿಸಬೇಕಾಗಿ ಬಂತು. ಆ ವರ್ಷ 13 ಸ್ಯಾಕ್ ಬಂದವು. 2025ರ ಆಗಸ್ಟ್‌ನಲ್ಲಿ ಗ್ರೀನ್ ಬೇ ತಂಡ ಅವರಿಗಾಗಿ ಮೊದಲ ಸುತ್ತಿನ ಎರಡು ಆಯ್ಕೆಗಳನ್ನೂ ಒಬ್ಬ ಅನುಭವಿ ಆಟಗಾರನನ್ನೂ ಬಿಟ್ಟುಕೊಟ್ಟು, ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು.

ಕಾರ್ಟರ್ ಬಂದದ್ದೂ ಅದೇ ಪೆನ್ ಸ್ಟೇಟ್‌ನಿಂದ, ಅಲ್ಲಿ ಪಾರ್ಸನ್ಸ್ ತೊಟ್ಟಿದ್ದ ಅದೇ 11ನ್ನು ತೊಟ್ಟು, ಅವರ ಹಾಗೆಯೇ ಲೈನ್‌ಬ್ಯಾಕರ್ ಸ್ಥಾನದಿಂದ ಅಂಚಿಗೆ ಸರಿದು. ಅಂಚಿನಲ್ಲಿ ಆಡಿದ್ದು ಒಂದೇ ಋತು, ಸ್ಯಾಕ್ 12. ಭುಜಕ್ಕೆ ಗಾಯವಾಗಿತ್ತು, ಪಾದದ ಮೂಳೆಯಲ್ಲೂ ತೊಂದರೆ ಕಾಣಿಸಿತು. ಕಂಬೈನ್‌ನಲ್ಲಿ ಅವರು ಓಡಲೇ ಇಲ್ಲ. ಗಡಿಯಾರ, ಚಿಪ್, ಅಳತೆಪಟ್ಟಿ ಎಲ್ಲ ಇದ್ದ ಕಾಲದಲ್ಲಿ ಜೈಂಟ್ಸ್ ಮೂರನೆಯ ಆಯ್ಕೆಯನ್ನು ಮುಖ್ಯವಾಗಿ ಪಂದ್ಯದ ವಿಡಿಯೊ ನೋಡಿಯೇ ಮಾಡಬೇಕಾಯಿತು.

ಆ ತಂಡದ ಹಳೆಯ ಕಡತದಲ್ಲಿ ಇನ್ನೊಂದು ಹೆಸರಿದೆ. ಟೇಲರ್ ಕೊನೆಯ ಬಾರಿ 56 ತೊಟ್ಟು ಆಡಿದ 1993ರಲ್ಲೇ ಎರಡನೆಯ ಸುತ್ತಿನಲ್ಲಿ ಮೈಕೆಲ್ ಸ್ಟ್ರೇಹನ್ ಬಂದರು. ಮೊದಲ ವರ್ಷ ಒಂದು ಸ್ಯಾಕ್, ಎರಡನೆಯ ವರ್ಷ ನಾಲ್ಕೂವರೆ. ಹದಿನಾಲ್ಕು ಕಂಡದ್ದು ಐದನೆಯ ಋತುವಿನಲ್ಲಿ. 2001ರಲ್ಲಿ 22.5 ಗಳಿಸಿ ಆಗಿನ ದಾಖಲೆ ಮುರಿದರು. ಅದರ ಕೊನೆಯ ಒಂದನ್ನು ಎದುರಾಳಿ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾವ್ರ್ ತಾವಾಗಿಯೇ ನೆಲಕ್ಕೊರಗಿ ದಾನ ಮಾಡಿದರೆಂದು ಅಭಿಮಾನಿಗಳು ಇಂದಿಗೂ ಜಗಳವಾಡುತ್ತಾರೆ.